ಕೊಡವರ ಮಂದ್‌ನಲ್ಲಿ (ಊರ ಕುಣಿತದ ಬಯಲಿನಲ್ಲಿ) ಕುಣಿಯುವವರಿಗೆ ಸ್ಪರ್ಶನೃತ್ಯ ಕಲಿಸಬೇಕೆ?

ಪರ: ಭಾರ ಕೊಡುವುದನ್ನೂ ಮೈ ಕಲಿಯಲಿ

ಸ್ಪರ್ಶನೃತ್ಯ, ಅಂದರೆ ಕಾಂಟ್ಯಾಕ್ಟ್ ಇಂಪ್ರೊವೈಸೇಶನ್‌ನಲ್ಲಿ ಇಬ್ಬರು ಮೈ ತಾಗಿಸಿಕೊಂಡು, ತಾಗಿದ ಜಾಗದಿಂದಲೇ ಭಾರ ಕೊಟ್ಟು ಪಡೆಯುತ್ತ ಆ ಕ್ಷಣಕ್ಕೆ ಹೊಳೆದಂತೆ ಚಲಿಸುತ್ತಾರೆ. 1972ರಲ್ಲಿ ಅಮೆರಿಕದ ಸ್ಟೀವ್ ಪ್ಯಾಕ್ಸ್‌ಟನ್ ಇದನ್ನು ಶುರುಮಾಡಿದಾಗ ಅವರ ಬೆನ್ನಿಗೆ ಜಪಾನಿನ ಸಮರಕಲೆ ಐಕಿಡೋದ ಕಲಿಕೆಯಿತ್ತು. ಬೇರೆ ನೆಲದ ಪಟ್ಟುಗಳಿಂದ ಬೆಳೆದ ಕಲೆ ಕೊಡಗಿಗೆ ಬಂದರೆ ಅಂಜಬೇಕಿಲ್ಲ. ಇಲ್ಲಿ ಅದಕ್ಕೆ ಹದವಾದ ಮೈ ಈಗಾಗಲೇ ಇದೆ. ಸುಗ್ಗಿಹಬ್ಬ ಪುತ್ತರಿಯ ಸಮಯದ ಬೆತ್ತದ ಆಟ ಪರಿಯಕಳಿಯಲ್ಲಿ ಒಂದು ಕೈಗೆ ಗುರಾಣಿ, ಇನ್ನೊಂದಕ್ಕೆ ಬೆತ್ತ; ಏಟು ಮೊಣಕಾಲಿನ ಕೆಳಗೇ ಬೀಳಬೇಕು. ಎದುರಾಳಿಯ ಭಾರ ಯಾವ ಕಾಲಿಗೆ ಸರಿಯಿತೆಂದು ಆಡುವವನು ಕಣ್ಣಲ್ಲೇ ಹಿಡಿಯುತ್ತಾನೆ. ಸ್ಪರ್ಶನೃತ್ಯ ಅದನ್ನು ಬೆನ್ನಿಗೂ ಹೆಗಲಿಗೂ ಕಲಿಸುತ್ತದೆ.

ಮೊದಲ ದಿನ ಯಾರನ್ನೂ ಎತ್ತುವುದಿಲ್ಲ. ಕಣ್ಣು ಮುಚ್ಚಿ ಐದು ನಿಮಿಷ ಸುಮ್ಮನೆ ನಿಂತರೆ, ಬೀಳದಿರಲು ಪಾದ ಎಷ್ಟು ಸಣ್ಣದಾಗಿ ದುಡಿಯುತ್ತದೆಂಬುದು ತಿಳಿಯುತ್ತದೆ. ಆಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂರುವುದು, ಏಳುವುದು. ಹೆಚ್ಚಿನವರು ಎಡವುವುದು ಇಲ್ಲೇ: ಭಾರ ಕೊಡುವ ಬದಲು ತೊಡೆಯ ಬಲದಿಂದ ತಳ್ಳುತ್ತಾರೆ. ಜೊತೆಗಾರ ಮೆಲ್ಲಗೆ ಹಿಂದೆ ಸರಿದಾಗ ನೀವು ವಾಲದೆ ನಿಂತಿದ್ದರೆ, ಭಾರ ಕೊಟ್ಟೇ ಇರಲಿಲ್ಲ.

ಮುಂದೆ ಒಬ್ಬರು ಅಂಗೈ, ಮೊಣಕಾಲು ಊರಿ ಮೇಜಿನಂತೆ ನಿಲ್ಲಬೇಕು. ಅಂಗೈ ಹೆಗಲಿನ ನೇರಕ್ಕೆ, ಮೊಣಕಾಲು ಸೊಂಟದ ನೇರಕ್ಕೆ. ಮೇಲೆ ಅಡ್ಡಲಾಗಿ ಒರಗುವವರ ಭಾರ ಸೊಂಟದ ಮೂಳೆ, ಹೆಗಲೆಲುಬುಗಳ ಮೇಲಿರಬೇಕು. ನಡುಬೆನ್ನಿನ ಮೇಲೆ ಬಿದ್ದರೆ ಬೆನ್ನು ಜೋಲುತ್ತದೆ, ನೋವು ದಿನಗಟ್ಟಲೆ ಉಳಿಯುತ್ತದೆ. ಬೀಳುವಾಗ ಕೈ ಚಾಚಿದರೆ ಮಣಿಕಟ್ಟಿಗೆ ಪೆಟ್ಟು. ಉಸಿರು ಬಿಡುತ್ತ ಮೀನಖಂಡ, ತೊಡೆಯ ಹೊರಬದಿ, ಪಕ್ಕೆ, ಹೆಗಲು ಹೀಗೆ ಒಂದೊಂದಾಗಿ ನೆಲಕ್ಕೆ ಒಪ್ಪಿಸಬೇಕು. ಕಾಫಿ ಒಣಗಿಸುವ ಸಿಮೆಂಟ್ ಕಣ ಇದಕ್ಕೆ ಆಗದು. ನಾಲ್ಕು ಸೆಂಟಿಮೀಟರ್ ದಪ್ಪದ ಜೂಡೊ ಚಾಪೆ ಹಾಸಿ, ಪ್ರತಿ ಜೋಡಿಗೆ ಮೂರು ಮೀಟರ್ ಉದ್ದಗಲದ ಜಾಗ ಬಿಡಬೇಕು.

ಮುಟ್ಟುವುದರ ಬಗೆಗಿನ ಅಳುಕಿಗೂ ಈ ಕಲೆಯಲ್ಲೇ ಉತ್ತರವಿದೆ. ಬೆರಳಿಂದ ಹಿಡಿಯುವುದು ಇಲ್ಲಿ ಕೆಟ್ಟ ಅಭ್ಯಾಸ, ಏಕೆಂದರೆ ಹಿಡಿದವರನ್ನು ಬಿಟ್ಟು ಹೊರಡಲಾಗದು. ಯಾರು ಯಾವಾಗ ಬೇಕಾದರೂ ಜೋಡಿ ಬಿಡಬಹುದು, ಕಾರಣ ಹೇಳಬೇಕಿಲ್ಲ. ಹೆಂಗಸರಿಗೆ ಪ್ರತ್ಯೇಕ ಗುಂಪು ಬೇಕೆನಿಸಿದರೆ ಹಾಗೇ ನಡೆಯಲಿ. ಇದೆಲ್ಲ ಅಭ್ಯಾಸದ ಕೋಣೆಯ ಮಾತು, ಇದನ್ನು ಮಂದ್‌ಗೆ ಒಯ್ಯಬೇಕೆಂದು ಯಾರೂ ಕೇಳುತ್ತಿಲ್ಲ. 1985ರಲ್ಲಿ ಚೆನ್ನೈನ ನೃತ್ಯ ಸಂಯೋಜಕಿ ಚಂದ್ರಲೇಖಾ ಭರತನಾಟ್ಯದ ಪಕ್ಕ ಕೇರಳದ ಸಮರಕಲೆ ಕಳರಿಪಯಟ್ಟನ್ನು ತಂದು ನಿಲ್ಲಿಸಿದರು. ಎರಡೂ ತಮ್ಮ ತಮ್ಮ ದಾರಿಯಲ್ಲಿ ಇಂದಿಗೂ ನಡೆದಿವೆ.

ವಿರೋಧ: ನಡುವಿನ ಅಂತರವೇ ಇಲ್ಲಿನ ಕುಣಿತ

ಉಮ್ಮತ್ತಾಟ್‌ನಲ್ಲಿ ಹೆಂಗಸರು ವೃತ್ತವಾಗಿ, ಕೈಯಲ್ಲಿ ಕಂಚಿನ ತಾಳ ಹಿಡಿದು ಬಾಗುತ್ತ, ಏಳುತ್ತ ಸಾಗುತ್ತಾರೆ. ಬೊಳಕಾಟ್‌ನಲ್ಲಿ ಗಂಡಸರು ದೀಪದ ಸುತ್ತ ಚೌರಿ ಬೀಸುತ್ತಾರೆ. ಎರಡರಲ್ಲೂ ಯಾರೂ ಯಾರಿಗೂ ತಾಗುವುದಿಲ್ಲ. ಮುಂದಿನವರ ಬೆನ್ನಿಗೂ ನಮ್ಮ ಎದೆಗೂ ನಡುವಿನ ಜಾಗ ಸುತ್ತಿನಿಂದ ಸುತ್ತಿಗೆ ಒಂದೇ ಸಮ ಇರಬೇಕು. ಒಬ್ಬರ ಹೆಜ್ಜೆ ಅರ್ಧ ಪೆಟ್ಟು ಮುಂದಾದರೆ ಒಂದು ಕಡೆ ಕಿಕ್ಕಿರಿದು ಇನ್ನೊಂದು ಕಡೆ ವೃತ್ತ ಹರಿಯುತ್ತದೆ. ಈ ಅಂತರವನ್ನು ಕಾಯುವುದು ಕಿವಿ, ಅಂದರೆ ದುಡಿ ಎಂಬ ಪುಟ್ಟ ಚರ್ಮವಾದ್ಯದ ಪೆಟ್ಟು ಮತ್ತು ಹಾಡು. ಸ್ಪರ್ಶನೃತ್ಯದಲ್ಲಿ ಅಂಥ ಪೆಟ್ಟಿಲ್ಲ, ಜೊತೆಗಾರರ ಭಾರ ಹರಿದಷ್ಟೇ ವೇಗ. ಇನ್ನೂ ಕಿವಿ ಪಳಗದ ಮಕ್ಕಳಿಗೆ ಎರಡನ್ನೂ ಒಟ್ಟಿಗೆ ಕಲಿಸಿದರೆ, ಮೊದಲು ಸಡಿಲವಾಗುವುದು ದುಡಿಯ ಹಿಡಿತ.

ಉಡುಪನ್ನೇ ನೋಡಿ. ಮೊಣಕಾಲುದ್ದದ ಕುಪ್ಯ ಎಂಬ ನಿಲುವಂಗಿ, ನಡುವಿಗೆ ಬಿಗಿದ ಚೇಲೆ ಎಂಬ ನಡುಪಟ್ಟಿ, ಅದಕ್ಕೆ ಸಿಕ್ಕಿಸಿದ ಪೀಚೆಕತ್ತಿ ಎಂಬ ಕಿರುಗತ್ತಿ. ಇಷ್ಟು ತೊಟ್ಟವನು ನೆಲದಲ್ಲಿ ಉರುಳಲಾರ. ಬಿಚ್ಚಿಟ್ಟು ಉರುಳಿದರೆ ಅದು ಬೊಳಕಾಟ್ ಆಗಿ ಉಳಿಯದು.

ಬೇಡವಾದಾಗ ಬಿಡಬಹುದೆಂಬ ನಿಯಮವನ್ನು ಗೌರವಿಸುತ್ತೇವೆ. ಆದರೆ ಅದು ಚೆನ್ನಾಗಿ ನಡೆಯುವುದು ಪರಸ್ಪರ ಗುರುತಿಲ್ಲದ ನಗರದ ತರಗತಿಯಲ್ಲಿ. ಇಲ್ಲಿ ಜೋಡಿಯಾದವರು ಒಂದೇ ಒಕ್ಕದವರು (ಮನೆತನದವರು), ಇಲ್ಲವೇ ಬೀಗರ ಕಡೆಯವರು. ಮುಂದಿನ ಮದುವೆಯಲ್ಲಿ ಮತ್ತೆ ಎದುರಾಗುತ್ತಾರೆ. ಹದಿನಾರರ ಹುಡುಗಿ ಪಕ್ಕದ ಮನೆಯ ಅಣ್ಣನಿಗೆ ಎಲ್ಲರ ಮುಂದೆ "ಬೇಡ" ಅನ್ನುವುದು ಸುಲಭವಲ್ಲ. ನಿಯಮ ಗೋಡೆಯ ಮೇಲಿದ್ದರೂ ನಾಲಿಗೆಗೆ ಬರುವುದಿಲ್ಲ.

ಹೊರಗಿನ ನರ್ತಕರು ಬಂದು ನಡೆಸುವ ಮೂರು ದಿನದ ಕಾರ್ಯಾಗಾರ, ಕೊನೆಗೊಂದು ಪ್ರದರ್ಶನ ಎಂಬ ಏರ್ಪಾಟಿನಲ್ಲಿ ಇನ್ನೂ ದೊಡ್ಡ ತೊಂದರೆಯಿದೆ. ಪ್ರದರ್ಶನದ ಆತುರಕ್ಕೆ ನಿಲ್ಲುವುದು, ಬೀಳುವುದು ಬಿಟ್ಟುಹೋಗಿ ಎತ್ತುವುದೊಂದೇ ಉಳಿಯುತ್ತದೆ. ವೇದಿಕೆಯ ನಡುವೆ ಒಬ್ಬರನ್ನೊಬ್ಬರು ಎತ್ತುವ ಜೋಡಿ, ಉಮ್ಮತ್ತಾಟ್ ಹಿಂದಿನ ಅಲಂಕಾರ. ಬಂದವರು ದುಡಿಯ ಸದ್ದು ಮುದ್ರಿಸಿಕೊಂಡು ಹೋಗುತ್ತಾರೆ, ಊರಿನವರ ಕೈಗೆ ಪ್ರಮಾಣಪತ್ರ. ಇದನ್ನು ವಿನಿಮಯ ಎನ್ನಲು ಮನಸ್ಸು ಒಪ್ಪದು. ಜಿಲ್ಲೆಯೊಳಗೇ ಬುಡಕಟ್ಟಿನವರಾದ ಯರವರ, ಕುರುಬರ ಕುಣಿತಗಳಿವೆ. ಕೊಡವ ತಂಡಗಳು ಅವರ ಬಳಿ ಕೂತು ಹೆಜ್ಜೆ ಕೇಳಿದ್ದು ಎಷ್ಟು?

ಹಣ ಒದಗಿದರೆ ಹಾಡು ಬಲ್ಲ ಹಿರಿಯರಿಗೆ ತಕ್ಕ ಗೌರವಧನ ಕೊಟ್ಟು ಜೂನ್‌ನಿಂದ ಸೆಪ್ಟೆಂಬರ್‌ನ ಆಯುಧಪೂಜೆಯ ಹಬ್ಬ ಕೈಲ್‌ಪೊದ್‌ವರೆಗೆ ವಾರಕ್ಕೊಂದು ತರಗತಿ ನಡೆಯಲಿ. ಮಳೆಯ ತೇವಕ್ಕೆ ದುಡಿಯ ಚರ್ಮ ಸಡಿಲವಾಗುತ್ತದೆ, ಅದನ್ನು ಬೆಂಕಿಯ ಬಳಿ ಹದವಾಗಿ ಕಾಯಿಸಿ ಬಿಗಿ ಮಾಡುವುದೂ ಪಾಠದಲ್ಲಿ ಸೇರಲಿ. ಹೊರಗಿನ ನರ್ತಕರು ಬರುವುದಾದರೆ ಮೊದಲು ಈ ತರಗತಿಗೆ, ಕಲಿಯಲು ಬರಲಿ.