ಭಾಷೆಗಿಂತ ಮೊದಲು ಕಸದ ಚೀಲ

ಜಪಾನಿನ ಹಳ್ಳಿಗೆ ಇಂಗ್ಲಿಷ್ ಕಲಿಸಲು ಹೋಗುವವರಿಗೆ ಭಾಷೆಯೇ ದೊಡ್ಡ ತೊಡಕು ಎಂದು ಲೇಖನವೊಂದರಲ್ಲಿ ಓದಿದೆ. ನಾನು ಒಪ್ಪುವುದಿಲ್ಲ. ಪಶ್ಚಿಮ ಜಪಾನಿನ ಶಿಮಾನೆ ಪ್ರಾಂತ್ಯದ ಕಡೆಯ ಹಳ್ಳಿಯೊಂದರಲ್ಲಿ ಇದೇ ಕೆಲಸ ಮಾಡಿದವಳು ನಾನು. ಊರಿನವರು ಮೊದಲು ನೋಡುವುದು ನಿಮ್ಮ ಕಸವನ್ನು. ಸುಡುವ ಕಸ, ಬಾಟಲಿ, ಡಬ್ಬಿ, ಒಂದೊಂದಕ್ಕೂ ಬೇರೆ ದಿನ. ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ತೆಗೆದು, ಲೇಬಲ್ ಕಿತ್ತು, ತೊಳೆದು ಇಡಬೇಕು. ಬೆರೆಸಿದರೆ ಚೀಲ ಅಲ್ಲೇ ಉಳಿಯುತ್ತದೆ, ಮೇಲೊಂದು ಚೀಟಿ ಅಂಟಿರುತ್ತದೆ.

ಇನ್ನೊಂದು ಕೈರಾನ್‌ಬಾನ್. ಊರಿನ ಸುದ್ದಿ ಇರುವ ಫೈಲು, ಮನೆಯಿಂದ ಮನೆಗೆ ಹೋಗುತ್ತದೆ. ಓದಲು ಬಾರದಿದ್ದರೂ ಗುರುತು ಹಾಕಿ ಮುಂದಿನ ಮನೆಗೆ ತಲುಪಿಸಲೇಬೇಕು. ನನಗೆ ಅಕ್ಕಪಕ್ಕದವರ ಪರಿಚಯ ಆದದ್ದೇ ಹೀಗೆ. ಫೈಲು ಕೊಡಲು ಹೋದರೆ ಪಕ್ಕದ ಮನೆ ಅಜ್ಜಿ ಸುಮ್ನೆ ಕಳಿಸುತ್ತಿರಲಿಲ್ಲ, ಹಿತ್ತಲಿನ ಮೂಲಂಗಿ ಕಿತ್ತು ಮಣ್ಣಿನ ಸಮೇತ ಕೈಗಿಡುತ್ತಿದ್ದರು.

ವಿದೇಶಿಯರನ್ನು ಜಪಾನಿನ ಶಾಲೆ, ಕಚೇರಿಗಳಿಗೆ ಕರೆಸಿಕೊಳ್ಳುವ ಸರ್ಕಾರಿ ಯೋಜನೆ ಜೆಟ್, 1987ರಲ್ಲಿ ಶುರುವಾದದ್ದು. ಅದರಲ್ಲಿ ಹೋಗುವವರಲ್ಲಿ ಸಹಾಯಕ ಶಿಕ್ಷಕರೇ ಜಾಸ್ತಿ. ಪಾಠ ಜಪಾನಿ ಶಿಕ್ಷಕರ ಜೊತೆಗೆ. ಆದರೆ ಮಕ್ಕಳು ಹತ್ತಿರವಾಗುವುದು ಪಾಠದ ಹೊರಗೆ ಅಲ್ವಾ? ತರಗತಿಯಲ್ಲೇ ಕೂತು ಅವರ ಜೊತೆ ಊಟ ಮಾಡಿ, ಶಾಲೆ ಸ್ವಚ್ಛ ಮಾಡುವ ಹೊತ್ತಿಗೆ ನೀವೂ ಬಟ್ಟೆ ಹಿಡಿದು ನೆಲ ಒರೆಸಿ. ನಾಚಿಕೆಯ ಮಕ್ಕಳೂ ಬಾಯಿ ಬಿಡುತ್ತಾರೆ. ಹಾಂ, ಡ್ರೈವಿಂಗ್ ಕಲಿತೇ ಹೋಗಿ, ಹಳ್ಳಿಗಳಲ್ಲಿ ಬಸ್ಸು ತೀರಾ ಕಡಿಮೆ.