ಮೀಟಿಂಗಿನಲ್ಲಿ ‘ಮೈ ಟೂ ಸೆಂಟ್ಸ್’ ಬೇಕೇ? ಪರ-ವಿರೋಧ

ಪರ

‘ಮೈ ಟೂ ಸೆಂಟ್ಸ್’, ಅಂದರೆ ‘ನನ್ನದೊಂದು ಸಣ್ಣ ಅಭಿಪ್ರಾಯ’ ಅನ್ನುವ ಇಂಗ್ಲಿಷ್ ಮಾತಿನ ಪರವಾಗಿ ಬರೆಯಿರಿ ಎಂದಾಗ ಸ್ವಲ್ಪ ಹಿಂದೆಮುಂದೆ ನೋಡಿದೆ. ನಾನೇನು ಅದನ್ನು ದಿನಾ ಬಳಸುವವನಲ್ಲ. ಆದರೂ ಅದರಿಂದ ಏನು ತೊಂದರೆ ಅಂತ ಯೋಚಿಸಿದರೆ ದೊಡ್ಡದೇನೂ ಕಾಣಲಿಲ್ಲ.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಮೀಟಿಂಗ್ ಅಂದರೆ ತಮಿಳರು, ಬಂಗಾಳಿಗಳು, ಪರದೆಯಲ್ಲಿ ಅಮೆರಿಕದವರು, ಎಲ್ಲರೂ ಇರುತ್ತಾರೆ. ಈಚೆಗೆ ಕೆಲಸಕ್ಕೆ ಸೇರಿದ ಹುಡುಗಿಗೆ ಹಿರಿಯರ ಪ್ಲಾನಿನಲ್ಲಿ ಏನೋ ಎಡವಟ್ಟು ಕಾಣುತ್ತದೆ. ‘ನೀವು ಹೇಳಿದ್ದು ತಪ್ಪು’ ಅನ್ನಲು ಬಾಯಿ ಬರುವುದಿಲ್ಲ. ‘ಜಸ್ಟ್ ಮೈ ಟೂ ಸೆಂಟ್ಸ್’ ಎಂದು ಶುರು ಮಾಡಿದರೆ ಮಾತು ಹೊರಡುತ್ತದೆ. ಸರಿಯಿದ್ದರೆ ತಗೊಳ್ಳಿ, ಇಲ್ಲದಿದ್ದರೆ ಬಿಡಿ, ಅಷ್ಟೇ. ಹಿರಿಯರ ಮರ್ಯಾದೆಯೂ ಉಳಿಯುತ್ತದೆ.

ಅಮೆರಿಕದ ಮಾತು ನಮಗೇಕೆ ಅನ್ನುವವರಿದ್ದಾರೆ. ಅಲ್ಲಿ 1864ರಿಂದ 1873ರವರೆಗೆ ಎರಡು ಸೆಂಟಿನ ನಾಣ್ಯವನ್ನೇ ಟಂಕಿಸುತ್ತಿದ್ದರು. ಚಿಲ್ಲರೆ ಕಾಸು. ನಮ್ಮದು ಚಿಲ್ಲರೆ ಅಭಿಪ್ರಾಯ ಎಂದು ಮೊದಲೇ ಒಪ್ಪಿಕೊಂಡರೆ ಜಗಳ ಕಡಿಮೆ. ನಮ್ಮವರೂ ‘ತಪ್ಪು ತಿಳ್ಕೋಬೇಡಿ, ಒಂದು ಮಾತು’ ಎಂದೇ ಶುರು ಮಾಡುವುದು ಅಲ್ವಾ? ಅದಕ್ಕಿಲ್ಲದ ತಕರಾರು ಇದಕ್ಕೇಕೆ? ಇದಕ್ಕಿಂತ ಜಾಸ್ತಿ ವಾದ ನನ್ನಲ್ಲಿಲ್ಲ.

ವಿರೋಧ

ಹೆದರುವವರಿಗೆ ಇದು ಧೈರ್ಯ ಕೊಡುತ್ತದಂತೆ! ನಮ್ಮ ಆಫೀಸಿನಲ್ಲಿ ಹೆದರುವವರು ಮ್ಯೂಟ್‌ನಲ್ಲಿರುತ್ತಾರೆ. ‘ಮೈ ಟೂ ಸೆಂಟ್ಸ್’ ಎನ್ನುವವರು ಯಾರಿಗೂ ಹೆದರದವರು. ಅದು ಕಿವಿಗೆ ಬಿದ್ದರೆ ಸಾಕು, ಎಲ್ಲರೂ ನೀರಿನ ಬಾಟಲಿ ಹತ್ತಿರ ಎಳೆದುಕೊಳ್ಳುತ್ತೇವೆ. ಇಪ್ಪತ್ತು ನಿಮಿಷ ಗ್ಯಾರಂಟಿ. ಮುಗಿಯುವ ಹೊತ್ತಿಗೆ ಅದೇ ಟೀಮಿನ ತೀರ್ಮಾನ ಆಗಿರುತ್ತದೆ. ಎರಡು ಕಾಸಿನ ಅಭಿಪ್ರಾಯವಾದರೆ ನಾವು ಬೇಡ ಅನ್ನಬಹುದಿತ್ತು ತಾನೇ? ಅಂದು ನೋಡಿ, ಅಪ್ರೈಸಲ್ ಹೊತ್ತಿಗೆ ಗೊತ್ತಾಗುತ್ತದೆ.

ಅಮೆರಿಕದವರಿಗೇ ಸೆಂಟ್ ಬೇಡವಾಗಿದೆ. ಒಂದು ಸೆಂಟಿನ ನಾಣ್ಯ ಮಾಡಲು ಮೂರೂವರೆ ಸೆಂಟಿಗಿಂತ ಜಾಸ್ತಿ ಖರ್ಚಾಗುತ್ತಿತ್ತು. 2025ರ ನವೆಂಬರಿನಲ್ಲಿ ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಚಲಾವಣೆಯ ಕೊನೆಯ ಸೆಂಟ್‌ಗಳಿಗೆ ಅಚ್ಚು ಒತ್ತಿ ಕೈತೊಳೆದುಕೊಂಡರು. ನಮ್ಮ ನಾಲ್ಕಾಣೆಯನ್ನೇ 2011ರ ಜೂನ್‌ನಲ್ಲಿ ಬಿಟ್ಟುಕೊಟ್ಟ ನಾವು ಅವರ ಸೆಂಟ್ ಹಿಡಿದು ಕೂತಿದ್ದೇವೆ.

ಇನ್ನು ನಮ್ಮ ಊರ ಕಡೆ ಈ ಮಾತು ನಡೆಯುವುದೇ ಇಲ್ಲ. ಪುತ್ತೂರು, ಮಂಗಳೂರು ಕಡೆ ಸೆಂಟ್ಸ್ ಅಂದರೆ ಜಾಗ. ನೂರು ಸೆಂಟ್ಸ್ ಸೇರಿದರೆ ಒಂದು ಎಕರೆ. ಮೈಸೂರು ಕಡೆಯವರ ಒಂದು ಗುಂಟೆ ನಮಗೆ ಎರಡೂವರೆ ಸೆಂಟ್ಸ್. ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ ಒಮ್ಮೆ ಮ್ಯಾನೇಜರ್ ಕಾಲ್‌ನಲ್ಲಿ ‘ಮೈ ಟೂ ಸೆಂಟ್ಸ್’ ಎಂದರು. ಸ್ಪೀಕರ್ ಆನ್ ಇತ್ತು. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಪ್ಪ ಕೈ ನಿಲ್ಲಿಸಿದರು.

‘ಜಾಗ ಎಲ್ಲಿ ಅಂತೆ ಮಾರಾಯ? ಕನ್ವರ್ಷನ್ ಆಗಿದೆಯಾ?’

‘ಜಾಗ ಅಲ್ಲ ಅಪ್ಪ, ಅವರ ಅಭಿಪ್ರಾಯ.’

‘ಎರಡು ಸೆಂಟ್ಸ್ ಅಂದ್ರೆ 870 ಚದರಡಿ ಬಂತು. ಸೆಟ್‌ಬ್ಯಾಕ್ ಬಿಟ್ಟರೆ ಎಂತ ಉಳೀತದೆ? ಐದು ಸೆಂಟ್ಸ್ ಇದ್ರೆ ನೋಡುವ ಅಂತ ಹೇಳು.’

ಕಾಲ್‌ನಲ್ಲಿದ್ದ ಬಂಟ್ವಾಳದ ಹುಡುಗ ನಗು ತಡೆಯಲಾಗದೆ ಕ್ಯಾಮೆರಾ ಆಫ್ ಮಾಡಿದ. ಮ್ಯಾನೇಜರಿಗೆ ಕನ್ನಡ ಬಾರದು, ಅವರು ಮುಂದುವರಿಸಿದರು. ಅಪ್ಪ ಎದ್ದು ಹೋಗಿ ಬ್ರೋಕರಿಗೆ ಫೋನ್ ಮಾಡಿ, ಈಗ ಸೆಂಟ್ಸಿಗೆ ಎಷ್ಟು ನಡೆಯುತ್ತಿದೆ ಅಂತ ವಿಚಾರಿಸಿ, ಅವನ ಮಗಳ ಮದುವೆ ಸುದ್ದಿಯನ್ನೂ ಕೇಳಿ ವಾಪಸ್ ಬಂದರು. ಮ್ಯಾನೇಜರದು ಇನ್ನೂ ಮುಗಿದಿರಲಿಲ್ಲ.