ಫಿಸಿಯೋಥೆರಪಿಗೆ ಬೇರೆಯೇ ಡಿಗ್ರಿ ಬೇಕು ಸಾರ್

ಕೈನೆಸಿಯಾಲಜಿ, ಅಂದರೆ ದೇಹದ ಚಲನೆಯ ಶಾಸ್ತ್ರ, ಓದಿದವರು ನೇರವಾಗಿ ಫಿಸಿಯೋಥೆರಪಿಸ್ಟ್ ಆಗಬಹುದು ಎಂದು ಈ ಓದಿನ ಉದ್ಯೋಗಗಳ ಕುರಿತ ನಿಮ್ಮ ಲೇಖನದಲ್ಲಿದೆ. ನಮ್ಮಲ್ಲಿ ಅದಕ್ಕೆ ಫಿಸಿಯೋಥೆರಪಿಯ ಪದವಿ, ಅಂದರೆ ಬಿಪಿಟಿಯೇ ಆಗಬೇಕು. ಕೆನಡಾದ ಒಂಟಾರಿಯೊದಲ್ಲಿ 2013ರಿಂದ ಕೈನೆಸಿಯಾಲಜಿಸ್ಟ್ ಎಂಬುದೇ ನೋಂದಣಿಯುಳ್ಳ ವೃತ್ತಿ, ಇಲ್ಲಿ ಹಾಗಿಲ್ಲ. ನನ್ನ ತಂಗಿ ಮಗಳು ಹೊರಗೆ ಇದನ್ನೇ ಓದಿ ಬಂದವಳೇ ವಿರಾಜಪೇಟೆಯಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ಬೋರ್ಡ್ ಹಾಕಲು ಹೊರಟಿದ್ದಳು, ನಾನೇ ತಡೆದೆ.

ಹಾಗಂತ ಕೆಲಸವಿಲ್ಲವೆಂದಲ್ಲ. 1997ರಲ್ಲಿ ಕೊಡಗಿನ ಕರಡ ಗ್ರಾಮದಲ್ಲಿ ಶುರುವಾದ ನಮ್ಮ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯನ್ನೇ ನೋಡಿ. ವರ್ಷವಿಡೀ ಬೆಂಗಳೂರಿನಲ್ಲಿ ಕುರ್ಚಿ ಬಿಸಿ ಮಾಡಿದವರು ಬೇಸಿಗೆಯಲ್ಲಿ ಬಂದು ಸ್ಟಿಕ್ ಹಿಡಿದು ಓಡುತ್ತಾರೆ, ಹತ್ತನೇ ನಿಮಿಷಕ್ಕೆ ತೊಡೆ ಹಿಡಿದು ಕೂರುತ್ತಾರೆ. (ನಾನೂ ಕೂತಿದ್ದೇನೆ.) ಎರಡು ತಿಂಗಳು ಮೊದಲೇ ಸ್ನಾಯು ಹದಗೊಳಿಸುವವರು ಬೇಕು. ತಂಗಿ ಮಗಳು ಈಗ ಮಾಡುತ್ತಿರುವುದು ಅದನ್ನೇ, ಜೊತೆಗೆ ಶಾಲಾ ಮಕ್ಕಳಿಗೆ ಫಿಟ್‌ನೆಸ್ ತರಬೇತಿ. ಕೋಚ್ ಆಗುವ ಆಸೆಯಿದ್ದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ ಇದೆ. ಶಾಲೆಯಲ್ಲಿ ಪಿಟಿ ಮೇಷ್ಟ್ರಾಗಲು ದೈಹಿಕ ಶಿಕ್ಷಣದ ಪದವಿ ಬಿಪಿಎಡ್ ಕೇಳುತ್ತಾರೆ.

ಲೇಖನ ಮುಟ್ಟದೇ ಬಿಟ್ಟದ್ದು ತೋಟದ ಕೆಲಸ. ಐವತ್ತು ಕೆಜಿ ಕಾಫಿ ಮೂಟೆ ಹೊರುವವರ ಸೊಂಟ ಉಳಿಯುವಂತೆ ಹೇಗೆ ಎತ್ತಬೇಕು, ಎಷ್ಟು ಹೊತ್ತಿಗೊಮ್ಮೆ ವಿರಾಮ ಕೊಡಬೇಕು ಎಂದು ಹೇಳಿಕೊಡುವುದೂ ಇದೇ ವಿದ್ಯೆ. ನಮ್ಮ ಎಸ್ಟೇಟ್‌ನವರು ಅದಕ್ಕೆ ದುಡ್ಡು ಬಿಚ್ಚುತ್ತಾರಾ, ಅದು ಬೇರೆ ಮಾತು.